ವಾಮನರಾಯರು ಬೇಡವೆಂದ ಗಾಡಿ

ನನಗೊಂದು ಕೆಟ್ಟ ಗುಣವಿದೆ. ಸುಳ್ಳು ಹೇಳುವವರನ್ನು ಥಟ್ಟನೆ ನಂಬುತ್ತೇನೆ. ನಿಜ ಹೇಳುವವರನ್ನು ಕಂಡರೆ ಮಾತ್ರ, ಇವರಿಗೇನೋ ಲಾಭವಿರಬೇಕು ಅನ್ನಿಸುತ್ತದೆ. ಐವತ್ತೆರಡು ವರ್ಷ ಇದನ್ನೇ ಬುದ್ಧಿವಂತಿಕೆ ಎಂದು ತಿಳಿದು ಬದುಕಿದ್ದೇನೆ. ನನ್ನ ಹೆಂಡತಿ ಇಂದಿರಾ ಇದಕ್ಕೆ ಬೇರೆ ಹೆಸರಿಟ್ಟಿದ್ದಾಳೆ. ಅದು ಇಲ್ಲಿ ಬರೆಯುವಂಥದ್ದಲ್ಲ.

ನಮ್ಮ ಮನೆ ಹೈದರಾಬಾದಿನ ಕುಷಾಯಿಗೂಡದಲ್ಲಿ, ನೌಕರಿ ಸನತ್‌ನಗರದ ಒಂದು ಸಣ್ಣ ಕಾರ್ಖಾನೆಯ ಸ್ಟೋರಿನಲ್ಲಿ. ನಡುವೆ ಸಿಕಂದರಾಬಾದಿನಲ್ಲಿ ಬಸ್ಸು ಬದಲಿಸಬೇಕು. ಮೊದಲನೆಯದು ಬರುವಷ್ಟರಲ್ಲಿ ಎರಡನೆಯದು ಹೋಗಿರುತ್ತದೆ. ಇನ್ನೊಂದು ತಿಂಗಳು ಹೀಗೇ ತಡವಾದರೆ ತಾವು ಬರುವ ತೊಂದರೆ ತೆಗೆದುಕೊಳ್ಳಬೇಡಿ ಎಂದು ನನ್ನ ಮಗಳ ವಯಸ್ಸಿನ ಮ್ಯಾನೇಜರಮ್ಮ ತೆಲುಗಿನಲ್ಲಿ ಬಹಳ ಮರ್ಯಾದೆಯಿಂದ ಹೇಳಿದಳು. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಈ ವಯಸ್ಸಿನಲ್ಲಿ ನನಗೆ ಇನ್ನೊಂದು ನೌಕರಿ ಯಾರಪ್ಪ ಕೊಡುತ್ತಾರೆ?

ನಮ್ಮ ಕಡೆಯ ಕನ್ನಡದವರು ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಭಜನೆಗೆ ಸೇರುತ್ತೇವೆ. ದೇವರ ಕೆಲಸ ಅರ್ಧ ತಾಸು. ಮಿಕ್ಕದ್ದೆಲ್ಲ ವರ, ಬಾಡಿಗೆ ಮನೆ, ಹಳೇ ಫ್ರಿಜ್ಜುಗಳ ವಿಲೇವಾರಿ. ನಮ್ಮ ಹಿಂದಿನ ಓಣಿಯ ವಾಮನರಾಯರು ಹೊಸ ಸ್ಕೂಟರ್ ಕೊಂಡು ಹಳೇ ಮೋಟರ್‌ಸೈಕಲ್ ತೆಗೆದುಹಾಕುತ್ತಿರುವ ಸುದ್ದಿ ಅಲ್ಲಿಯೇ ಸಿಕ್ಕಿತು. ಅವರ ನೌಕರಿಯೂ ಸನತ್‌ನಗರದಲ್ಲೇ. ಮರುದಿನವೇ ಹೋದೆ. ಅವರು ಚಹಾ ಕುಡಿಸಿ, ಗಾಡಿಯ ಮೇಲಿನ ಹೊದಿಕೆಯನ್ನೂ ತೆಗೆಯದೆ ಹೇಳಿದರು:

"ನೀವು ನಮ್ಮವರು, ಅದಕ್ಕ ಹೇಳಾಕತ್ತೀನ್ರಿ. ಇದನ್ನ ತಗೋಬ್ಯಾಡ್ರಿ. ಇಂಜಿನ್ ಹೋಗೇತಿ, ಗುಜರಿಗೆ ಹಾಕಾಂವ ಇದ್ದೀನಿ. ದಿನಾ ನನ್ನ ಸ್ಕೂಟರ್ ಹಿಂದ ಕೂತು ಬರ್ರಿ."

ತನ್ನ ವಸ್ತುವನ್ನು ತಾನೇ ಹಳಿಯುವ ಮನುಷ್ಯನನ್ನು ಎಲ್ಲಾದರೂ ಕಂಡಿದ್ದೀರಾ? 'ನಮ್ಮವರು' ಎಂದೇ ಹೇಳಿ ಇದೇ ಭಜನೆಯಲ್ಲಿ ಒಬ್ಬರು ನನ್ನ ತಲೆಗೆ ತಣ್ಣಗಾಗದ ಫ್ರಿಜ್ಜು ಕಟ್ಟಿದ್ದರು. ಈ ರಾಯರು ಗಾಡಿಯನ್ನು ಯಾರೋ ಭಾವಮೈದುನನಿಗೆ ಎತ್ತಿಟ್ಟಿದ್ದಾರೆ, ಅದಕ್ಕೇ ನನ್ನನ್ನು ಸಾಗಹಾಕುತ್ತಿದ್ದಾರೆ ಎಂದು ಆಗಲೇ ಹೊಳೆಯಿತು.

ಮೆಕ್ಯಾನಿಕ್ ಖದೀರ್ ಭಾಯಿಯನ್ನು ಕರೆತಂದೆ. ಅವನು ಹನ್ನೊಂದು ಸಲ ಕಿಕ್ ಹೊಡೆದು, ಸೈಲೆನ್ಸರಿನ ಹೊಗೆ ನೋಡಿ, "ನಕ್ಕೋ ಸಾಬ್" ಎಂದು ಕೈ ಒರೆಸಿಕೊಂಡ. ಓಹೋ, ಇವನಿಗೇ ಬೇಕಾಗಿದೆ ಅಂದುಕೊಂಡೆ. ಇಷ್ಟು ಮಂದಿ ಬೇಡವೆಂದ ಮೇಲೆ ಬೇಡ ಎಂದಳು ಇಂದಿರಾ. ಅವಳಿಗೆ ವಾಷಿಂಗ್ ಮೆಷಿನ್ನಿನ ಆಸೆ, ಅದೂ ನನಗೆ ಗೊತ್ತು. ಕೊನೆಗೆ ಗುಜರಿಯವನಿಗಿಂತ ಎರಡು ಪಟ್ಟು ಹಣ ರಾಯರ ಕೈಯಲ್ಲಿ ತುರುಕಿ ಗಾಡಿ ಎಳೆದುಕೊಂಡು ಬಂದೆ. ಅವರು ನನ್ನನ್ನು ನೋಡಿದ್ದು ಮರುಕದಿಂದ. ಸೋತ ಮುಖ ಎಂದುಕೊಂಡೆ ನಾನು.

ಗಾಡಿ ಎಂಟು ದಿನ ಓಡಿತು. ಒಂಬತ್ತನೆಯ ದಿನ ನಡುರಸ್ತೆಯಲ್ಲಿ ನಿಂತದ್ದು ಮತ್ತೆ ಅಲುಗಲಿಲ್ಲ. ಕೊಂಡದ್ದಕ್ಕಿಂತ ರಿಪೇರಿಗೇ ಹೆಚ್ಚಾಗುತ್ತದೆ ಎಂದ ಖದೀರ್ ಭಾಯ್. ಈಗ ಅದು ಮೆಟ್ಟಿಲ ಕೆಳಗಿದೆ, ನಾನು ವಾಮನರಾಯರ ಸ್ಕೂಟರಿನ ಹಿಂದಿದ್ದೇನೆ. ನೌಕರಿ ಉಳಿದಿದೆ. ಆದರೆ ಆ ಪುಣ್ಯಾತ್ಮರು ಇಷ್ಟು ದಿನದಲ್ಲಿ ಒಮ್ಮೆಯಾದರೂ 'ನಾ ಮೊದಲ ಹೇಳಿದ್ದೆ' ಅನ್ನಬಾರದೇ? ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಪೆಟ್ರೋಲಿಗೂ ದುಡ್ಡು ಮುಟ್ಟುವುದಿಲ್ಲ. ಅವರ ಬೆನ್ನನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಕಳೆದ ಭಜನೆಯಲ್ಲಿ ನಾನೂ ಗಾಡಿಯ ಮಾತು ತೆಗೆದೆ. ಬೀದರಿನಿಂದ ವರ್ಗವಾಗಿ ಬಂದ ಬ್ಯಾಂಕಿನ ಗುಮಾಸ್ತರೊಬ್ಬರು ನೋಡಲು ಬಂದರು. ಅಷ್ಟರಲ್ಲಿ ನನಗೊಂದು ಉಪಾಯ ಹೊಳೆದಿತ್ತು. ಚಹಾ ಕುಡಿಸಿದೆ, ಹೊದಿಕೆ ತೆಗೆಯಲಿಲ್ಲ, ರಾಯರ ಮಾತನ್ನೇ ಅಕ್ಷರ ಬಿಡದೆ ಒಪ್ಪಿಸಿದೆ: ನೀವು ನಮ್ಮವರು, ತಗೋಬ್ಯಾಡ್ರಿ, ಇಂಜಿನ್ ಹೋಗೇತಿ. ಹೇಳಿ, ಅವರ ಕಣ್ಣಲ್ಲಿ ಆಸೆ ಮೂಡುವುದನ್ನೇ ಕಾಯುತ್ತ ಕೂತೆ.

ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

"ಈ ಊರಾಗ ಇಷ್ಟ ಖರೇ ಯಾರ್ ಹೇಳ್ತಾರ್ರೀ" ಎಂದು ನಮಸ್ಕಾರ ಮಾಡಿ ಹೊರಟೇ ಹೋದರು. ನಿಜವನ್ನು ಕೇಳಿಯೂ ಆ ಗಾಡಿ ಕೊಳ್ಳುವವನು ಇಡೀ ಹೈದರಾಬಾದಿನಲ್ಲಿ ಒಬ್ಬನೇ ಇದ್ದ. ಅವನು ಈಗಾಗಲೇ ಕೊಂಡಾಗಿತ್ತು.