ತಾಯಿಯ ತಾತ್ಕಾಲಿಕ ಅಮಾನತು

ಹದಿನಾರು ತುಂಬಿದ ಮೇಲೆ ಶಾಲೆಯ ಹೊರಗಿದ್ದು ಅರ್ಹತಾ ಪತ್ರ ಪಡೆಯಬಯಸುವ ಪ್ರತಿಯೊಬ್ಬರೂ ತಾವು ಶಾಲೆಯಲ್ಲಿ ಇಲ್ಲವೆಂಬುದನ್ನು ಶಾಲೆಯಿಂದಲೇ ಬರೆಸಿ ತರತಕ್ಕದ್ದು. ಬಾಹ್ಯ ಅಭ್ಯರ್ಥಿಗಳ ಕಚೇರಿಯ ನಿಯಮಾವಳಿಯಲ್ಲಿ ಇದು ನಾಲ್ಕನೆಯ ನಿಯಮ. ಮೊದಲ ಮೂರು ನಿಯಮಗಳು ಸಿಬ್ಬಂದಿಯ ಊಟದ ವೇಳೆಗೆ ಸಂಬಂಧಿಸಿದವು.

ಹೊಲಿಗೆ ಅಂಗಡಿಯ ಒಡತಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಅಚ್ಚಾದದ್ದರ ಮೇಲೆ ಅವಳಿಗೆ ಅಪಾರ ಗೌರವ. ಒಂದು ಹಳೇ ಮೆಷಿನ್ನಿನಿಂದ ಶುರುಮಾಡಿ ಐದು ಮೆಷಿನ್ ಮಾಡಿಕೊಂಡವಳು. ಓದು ಕಲಿತದ್ದು ಅಳತೆಗೆ ಕತ್ತರಿಸುವ ಹಳೇ ಪೇಪರುಗಳಿಂದ. ಹೀಗಾಗಿ ಎಷ್ಟೋ ಸುದ್ದಿಗಳ ಮೊದಲರ್ಧ ಮಾತ್ರ ಅವಳಿಗೆ ಗೊತ್ತು. ಉಳಿದರ್ಧ ಯಾರದೋ ತೋಳಾಗಿಯೋ ಕಾಲರ್ ಆಗಿಯೋ ಹೋಗಿರುತ್ತಿತ್ತು. ಆದರೂ ಓದಿ ಗೆಲ್ಲಲಾಗದ ಕೆಲಸ ಲೋಕದಲ್ಲಿಲ್ಲ ಎಂಬುದು ಅವಳ ನಂಬಿಕೆ. ಈ ನಂಬಿಕೆಯಿಂದ ಆದ ಅನಾಹುತಗಳನ್ನು ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮುದುಕ, ಎಲ್ಲರ ಬಾಯಲ್ಲಿ ಕತ್ತರಿ ತಾತ, ವರ್ಷವಾರು ಹೇಳಬಲ್ಲ.

ಮಗಳು ಚುಕ್ಕಿಗೆ ಹದಿನೇಳು. ಸಾಲಿನಲ್ಲಿ ಕೂತ ಅಕ್ಷರಗಳು ಅವಳ ಕಣ್ಣೆದುರು ಜಾಗ ಬದಲಾಯಿಸುತ್ತವೆ. ಗದ್ದಲವಾದರೆ ಕಿವಿ ಮುಚ್ಚಿ ಮೇಜಿನ ಕೆಳಗೆ ಸೇರುತ್ತಾಳೆ. ಒಂದು ಪ್ರಶ್ನೆಗೆ ಉತ್ತರ ಕೊಡಲು ಉಳಿದವರು ಮೂರು ಪ್ರಶ್ನೆ ಕೇಳಿ ಮುಗಿಸುವಷ್ಟು ಹೊತ್ತು ಬೇಕು. ಆದರೆ ಹೊಲಿಗೆ ಮೆಷಿನ್ ಓಡುವ ಸದ್ದು ಕೇಳಿ ಯಾವ ತಿರುಪು ಸಡಿಲವಾಗಿದೆಯೆಂದು ಬೀದಿಯಾಚೆ ನಿಂತೇ ಹೇಳುತ್ತಾಳೆ. ಮೆಷಿನ್ ರಿಪೇರಿಯ ಮೇಸ್ತ್ರಿ ಇದನ್ನು ಕಣ್ಣಾರೆ ಕಂಡು ಹೇಳಿದ್ದ: "ಇವಳನ್ನ ಇವತ್ತೇ ಕೆಲಸಕ್ಕೆ ತಗೋತೀನಿ ಕಣಮ್ಮ. ಆದ್ರೆ ಕಾಗದ ಇಲ್ದೆ ತಗೊಂಡ್ರೆ ನನ್ನ ಲೈಸೆನ್ಸ್ ಹೋಗುತ್ತೆ. ಮೊದಲನೇ ಹಂತದ್ದು ಒಂದು ಸರ್ಟಿಫಿಕೇಟ್ ತರ್ಲಿ. ವರ್ಷದ ಕೊನೇತನಕ ಜಾಗ ಖಾಲಿ ಇಟ್ಟಿರ್ತೀನಿ."

ಅಂದಿನಿಂದ ಚುಕ್ಕಿ ಸ್ಕ್ರೂಡ್ರೈವರನ್ನು ದಿಂಬಿನ ಕೆಳಗಿಟ್ಟುಕೊಂಡೇ ಮಲಗತೊಡಗಿದಳು.

ಕಚೇರಿಯಲ್ಲಿ ಮೂರನೇ ಕಿಟಕಿಯ ಗುಮಾಸ್ತರು ಬಹಳ ಸಭ್ಯರು. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಬೇಕಾದವರು ಅದಕ್ಕೊಂದು ಅರ್ಜಿಯನ್ನು ಕಿಟಕಿಯೆದುರೇ ನಿಂತು, ಸ್ವಹಸ್ತದಿಂದ, ಹತ್ತು ನಿಮಿಷದೊಳಗೆ ತುಂಬತಕ್ಕದ್ದೆಂದು ತಿಳಿಸಿ ಗಡಿಯಾರ ನೋಡಿಕೊಂಡರು. ಹತ್ತನೇ ನಿಮಿಷಕ್ಕೆ ಚುಕ್ಕಿ ತನ್ನ ಹುಟ್ಟಿದ ತಾರೀಖಿನವರೆಗೆ ಬಂದಿದ್ದಳು.

"ಸಮಯ ಮೀರಿದೆ. ಅರ್ಜಿ ತಿರಸ್ಕರಿಸಲಾಗಿದೆ" ಎಂದರು ಗುಮಾಸ್ತರು, ನೊಂದುಕೊಂಡೇ.

"ಅದೇ ಅಲ್ವಾ ಸ್ವಾಮಿ ನಾವು ಹೇಳ್ತಿರೋದು? ಅವಳಿಗೆ ಸಮಯ ಸಾಲಲ್ಲ ಅನ್ನೋದಕ್ಕೆ ನೀವೇ ಸಾಕ್ಷಿ!" ಎಂದಳು ಪಕ್ಕದಲ್ಲಿದ್ದ ಒಡತಿ.

"ನಾನು ಸಾಕ್ಷಿ ಹೌದಮ್ಮ. ಆದ್ರೆ ಸಾಕ್ಷಿ ಹೇಳೋಕೆ ನನಗೆ ಅಧಿಕಾರ ಇಲ್ಲ. ತಿರಸ್ಕರಿಸೋಕೆ ಮಾತ್ರ ಇದೆ."

ಬೇರೆಯವರಾಗಿದ್ದರೆ ಜಗಳವಾಡುತ್ತಿದ್ದರು. ಒಡತಿ ನಿಯಮಾವಳಿಯ ಒಂದು ಪ್ರತಿ ಕೇಳಿ ಪಡೆದು, ಹದಿನೈದು ದಿನ ಹೊಲಿಗೆ ಬಿಟ್ಟು, ಇನ್ನೂರ ಹನ್ನೊಂದು ಪುಟಗಳನ್ನೂ ಓದಿದಳು. ಎಂಬತ್ತೆಂಟನೇ ಪುಟದಲ್ಲಿ ನಿಧಿ ಸಿಕ್ಕಿತು: ಪರೀಕ್ಷಾ ಕೇಂದ್ರದ ಅಧ್ಯಕ್ಷರು ಅಗತ್ಯವುಳ್ಳ ಅಭ್ಯರ್ಥಿಗೆ ಹೆಚ್ಚುವರಿ ಸಮಯವನ್ನೂ ಶಾಂತ ಕೊಠಡಿಯನ್ನೂ ಓದಿಹೇಳುವವರನ್ನೂ ತಾವೇ ಮಂಜೂರು ಮಾಡಬಹುದು. ಯಾವುದೇ ಕಟ್ಟಡ ಕೇಂದ್ರವಾಗಬಹುದು. ಒಂದು ಫಲಕ, ಒಂದು ಗಡಿಯಾರ, ಎರಡು ಬೆಂಚು, ಮರಳಿನ ಬಕೆಟ್ ಮತ್ತು ಮುಕ್ಕಾಲು ಗಂಟೆಗೊಮ್ಮೆ ಬಾರಿಸುವ ಗಂಟೆ ಇದ್ದರೆ ಸಾಕು.

"ತಾತ, ನಮ್ಮ ಅಂಗಡಿನ ಕೇಂದ್ರ ಮಾಡ್ತೀನಿ" ಎಂದಳು.

"ಮಾಡು ತಾಯಿ. ಹೋದ ಸಲ ಹಿತ್ತಿಲನ್ನ ಜೇನು ಸಾಕಣೆ ಕೇಂದ್ರ ಮಾಡಿದ್ದೆ. ನನ್ನ ಮೂಗು ಈಗ ತಾನೇ ಇಳೀತಾ ಇದೆ."

ತಪಾಸಣೆಗೆ ಬಂದವರು ಅದೇ ಗುಮಾಸ್ತರು. ಕಿಟಕಿಯಿಲ್ಲದ ಕಾರಣ ಗುರುತು ಹಿಡಿಯಲು ಸ್ವಲ್ಪ ತಡವಾಯಿತು. ಗಂಟೆಯ ಸದ್ದಿಗೆ ಚುಕ್ಕಿ ಹೆದರುತ್ತಾಳೆಂದು ಒಡತಿ ಅದರ ನಾಲಗೆಗೆ ಹತ್ತಿ ಸುತ್ತಿ, ಮೇಲೆ ಅಸ್ತರಿನ ಬಟ್ಟೆ ಹೊಲಿದಿದ್ದಳು. ಗುಮಾಸ್ತರು ಎರಡು ಸಲ ಬಾರಿಸಿ, ಏನೂ ಕೇಳಿಸದೆ, ವರದಿಯಲ್ಲಿ ಬರೆದರು: "ಗಂಟೆ ಇದೆ. ಬಾರಿಸಲಾಗುತ್ತಿದೆ. ಕೇಳಿಸಬೇಕೆಂಬ ಬಗ್ಗೆ ನಿಯಮ ಮೌನವಾಗಿದೆ."

ಹೀಗೆ ಹೊಲಿಗೆ ಅಂಗಡಿ ಕೇಂದ್ರವಾಯಿತು, ಒಡತಿ ಕೇಂದ್ರಾಧ್ಯಕ್ಷೆಯಾದಳು. ಒಂದು ರಬ್ಬರ್ ಸ್ಟಾಂಪ್ ಬಂತು. ಸ್ಟಾಂಪ್ ಬಂದ ಮೇಲೆ ಅವಳ ನಡಿಗೆಯೂ ಮಾತೂ ಬದಲಾದವು. ರವಿಕೆಯ ಅಳತೆಗೆ ಬಂದ ಹೆಂಗಸರಿಗೆ "ಸರತಿಯಲ್ಲಿ ನಿಲ್ಲತಕ್ಕದ್ದು" ಎಂದಳು. ತಾತನ ಚಹಾ ವಿರಾಮಕ್ಕೆ ಲಿಖಿತ ಮನವಿ ಕೇಳಿದಳು. ತಾತ ಕತ್ತರಿಸಿ ಉಳಿದ ಚಿಂದಿಯ ಮೇಲೆ ಸೀಮೆಸುಣ್ಣದಲ್ಲಿ "ಚಹಾ" ಎಂದು ಬರೆದು ಕೊಟ್ಟ. ಅವಳು ಸ್ಟಾಂಪ್ ಒತ್ತಿ ವಾಪಸು ಕೊಟ್ಟಳು.

ಪರೀಕ್ಷೆಗೆ ಹತ್ತು ದಿನ ಇರುವಾಗ ಕಚೇರಿಯಿಂದ ಪತ್ರ ಬಂತು. ಕೇಂದ್ರಾಧ್ಯಕ್ಷರ ರಕ್ತಸಂಬಂಧಿಗಳು ಆ ಕೇಂದ್ರದಲ್ಲಿ ಪರೀಕ್ಷೆ ಬರೆಯತಕ್ಕದ್ದಲ್ಲ, ತೊಂಬತ್ತಾರನೇ ಪುಟ. ಅವಳು ಆ ಪುಟವನ್ನು ಓದಿದ್ದಳು. ಓದಿ, ಬಹಳ ನ್ಯಾಯವಾದ ನಿಯಮವೆಂದು ಮೆಚ್ಚಿ, ಕೆಂಪು ಪೆನ್ಸಿಲಿನಲ್ಲಿ ಗೆರೆಯನ್ನೂ ಎಳೆದಿದ್ದಳು. ಅದು ತನಗೂ ಅನ್ವಯಿಸಬಹುದೆಂದು ಮಾತ್ರ ಹೊಳೆದಿರಲಿಲ್ಲ.

"ಬೇರೆ ಯಾವ ಕೇಂದ್ರವೂ ಇವಳನ್ನ ಸೇರಿಸ್ಕೊಳ್ಳಲ್ಲ ಸ್ವಾಮಿ, ಎಲ್ಲಾ ಕಡೆ ಕೇಳಿ ಆಯ್ತು. ಈ ಪರೀಕ್ಷೆ ತಪ್ಪಿದ್ರೆ ಆ ಜಾಗ ಹೋಯ್ತು" ಎಂದಳು ಕಿಟಕಿಯೆದುರು. ಅವಳ ದನಿಯಲ್ಲಿ ಅಧ್ಯಕ್ಷೆ ಯಾರೂ ಇರಲಿಲ್ಲ.

ಗುಮಾಸ್ತರು ಅತ್ತಿತ್ತ ನೋಡಿ ಕೆಳಗಿನ ಖಾನೆಯಿಂದ ಒಂದು ನಮೂನೆ ತೆಗೆದರು. "ಇದನ್ನ ಯಾರೂ ಕೇಳಲ್ಲ, ಅದಕ್ಕೇ ನಾವೂ ಹೇಳಲ್ಲ. ಸಂಬಂಧದ ತಾತ್ಕಾಲಿಕ ಅಮಾನತು. ಪರೀಕ್ಷೆ ದಿನ ಹತ್ತರಿಂದ ಒಂದರವರೆಗೆ ನೀವು ತಾಯಿ ಅಲ್ಲ. ಅಷ್ಟೇ."

"ಅಷ್ಟೇನಾ?"

"ಎರಡು ಫೋಟೋ ಬೇಕು. ಬೇರೆ ಬೇರೆ."

ಮನೆಯಲ್ಲಿ ನಮೂನೆಯನ್ನು ಮಗಳಿಗೆ ಓದಿ ಹೇಳಿದಳು. ಚುಕ್ಕಿ ಬಹಳ ಹೊತ್ತು ಸ್ಕ್ರೂಡ್ರೈವರ್ ತಿರುಗಿಸಿದಳು. ಆಮೇಲೆ ಕೇಳಿದಳು: "ಆಗ ನೀನು ಯಾರು?"

"ಕೇಂದ್ರಾಧ್ಯಕ್ಷೆ. ಮೇಡಂ ಅನ್ನಬೇಕು. ನಿಯಮ ಅಂದ್ರೆ ನಿಯಮ. ಆರ್ಡರ್ ಬರೋವರೆಗೂ ಅಮ್ಮ ಅನ್ನಬಾರದು."

ಚುಕ್ಕಿ ಇನ್ನಷ್ಟು ಹೊತ್ತು ಯೋಚಿಸಿ ರುಜು ಹಾಕಿದಳು. ಕೆಲಸಕ್ಕೋಸ್ಕರ.

ಪರೀಕ್ಷೆಯ ದಿನ ಮೆಷಿನ್ನುಗಳಿಗೆ ಬಟ್ಟೆ ಹೊದಿಸಲಾಯಿತು. ಮೆಷಿನ್ ರಿಪೇರಿಯ ಪರೀಕ್ಷೆ ನಡೆಯುವ ಕೊಠಡಿಯಲ್ಲಿ ಮೆಷಿನ್ ಕಣ್ಣಿಗೆ ಬೀಳಬಾರದು. ಪ್ರಶ್ನೆ ಓದಿಹೇಳಲು ತಾತ ಕನ್ನಡಕ ಒರೆಸಿ ಕೂತ. ಮೇಲ್ವಿಚಾರಣೆಗೆ ಬಂದಿದ್ದ ಗುಮಾಸ್ತರು ಅವನಿಗೆ ಸೂಚನೆ ಓದಿದರು: "ಓದುವವರು ಅಭ್ಯರ್ಥಿಗೆ ಅರ್ಥವಾಗಲಿ ಎಂಬ ಉದ್ದೇಶದಿಂದ ಓದತಕ್ಕದ್ದಲ್ಲ."

"ನನಗೇ ಅರ್ಥ ಆಗಲ್ಲ ಸ್ವಾಮಿ. ಧೈರ್ಯವಾಗಿರಿ" ಎಂದ ತಾತ.

ಹನ್ನೊಂದೂವರೆಗೆ ಚುಕ್ಕಿಯ ಕೈ ನಿಂತಿತು. ಐದನೇ ಪ್ರಶ್ನೆ ಹನ್ನೆರಡು ಸಾಲಿನದು. ದಾರ ಪದೇ ಪದೇ ತುಂಡಾಗುವ ಮೆಷಿನ್ನೊಂದನ್ನು ವರ್ಣಿಸುತ್ತಿತ್ತು. ತಾತ ನಾಲ್ಕು ಸಲ ಓದಿದ. ಚುಕ್ಕಿಯ ಕೈಗಳು ಮೆಲ್ಲಗೆ ಕಿವಿಯ ಕಡೆ ಏರತೊಡಗಿದವು. ಅವು ಕಿವಿ ಮುಟ್ಟಿದರೆ ಪರೀಕ್ಷೆ ಮುಗಿದಂತೆಯೇ ಎಂದು ಮೂರು ಮಾರು ದೂರದಲ್ಲಿ ನಿಂತ ಕೇಂದ್ರಾಧ್ಯಕ್ಷೆಗೆ ಗೊತ್ತಿತ್ತು. ಬೆನ್ನು ಸವರಿದರೆ ಕೈ ಇಳಿಯುತ್ತದೆಂದೂ ಗೊತ್ತಿತ್ತು. ಆದರೆ ಅಮಾನತಿನ ನಮೂನೆಯಲ್ಲಿ ಮಾಡಬಾರದ್ದರ ಪಟ್ಟಿಯೊಂದಿತ್ತು, ಬೆನ್ನು ಸವರುವುದು ಅದರಲ್ಲಿ ಎರಡನೆಯದು. ಅವಳು ಎರಡೂ ಕೈಗಳನ್ನು ಮರಳಿನ ಬಕೆಟ್ಟಿನೊಳಗೆ ಹುಗಿದು ನಿಂತಳು.

"ಅಧ್ಯಕ್ಷರು ಏನು ಮಾಡ್ತಿದೀರಿ?" ಎಂದರು ಗುಮಾಸ್ತರು.

"ಅಗ್ನಿ ಸುರಕ್ಷತೆ ಪರಿಶೀಲನೆ."

ಚುಕ್ಕಿ ತಲೆಯೆತ್ತಿದಳು. ಮೊಣಕೈವರೆಗೆ ಮರಳಿನಲ್ಲಿದ್ದ ಹೆಂಗಸನ್ನು ದಿಟ್ಟಿಸಿದಳು. "ಮೇಡಂ," ಎಂದಳು, "ನೀರು."

"ಅಭ್ಯರ್ಥಿ ನೀರು ಕೇಳಿರುವುದನ್ನು ದಾಖಲಿಸಲಾಗಿದೆ" ಎಂದಳು ಕೇಂದ್ರಾಧ್ಯಕ್ಷೆ. ದನಿ ಎಲ್ಲಿಂದ ಬಂತೋ ಅವಳಿಗೇ ತಿಳಿಯಲಿಲ್ಲ. ಗುಮಾಸ್ತರು ನೀರು ಕೊಟ್ಟರು. ಕುಡಿದವಳು ಕಣ್ಣು ಮುಚ್ಚಿ ತಾತನಿಗೆ ಹೇಳಿದಳು: "ಇನ್ನೊಂದು ಸಲ. ನಿಧಾನಕ್ಕೆ. ಮೆಷಿನ್ ಓಡೋ ಥರ ಓದು." ತಾತ ಹೊದಿಕೆಯಡಿಯ ಮೆಷಿನ್ನಿನ ಪೆಡಲ್ ತುಳಿಯುತ್ತ ಓದಿದ. ಚುಕ್ಕಿ ಒಂದೇ ಸಾಲಿನ ಉತ್ತರ ಬರೆದಳು. ತುಳಿಯುವುದನ್ನು ನಿಷೇಧಿಸುವ ನಿಯಮವಿರಲಿಲ್ಲ. ಗುಮಾಸ್ತರು ಆಮೇಲೆ ಹುಡುಕಿ ನೋಡಿದರು.

ಎರಡು ತಿಂಗಳಿಗೆ ಫಲಿತಾಂಶ ಬಂತು. ಉತ್ತೀರ್ಣ. ಅರ್ಹತಾ ಪತ್ರವನ್ನು ತಂದೆ ಅಥವಾ ತಾಯಿ ಖುದ್ದಾಗಿ ಪಡೆಯತಕ್ಕದ್ದು. ಚುಕ್ಕಿ ತೊಟ್ಟಿಲಲ್ಲಿದ್ದಾಗಲೇ ತಂದೆ ಮನೆ ಬಿಟ್ಟಿದ್ದ. ತಾಯಿಯ ಅಮಾನತು ಮುಗಿಸುವ ಆರ್ಡರ್ ಒಂದು ಗಂಟೆಗೆ ತಾನಾಗಿ ಬರುವಂಥದ್ದಲ್ಲ, ಪುನಃಸ್ಥಾಪನೆಗೆ ಬೇರೆ ಅರ್ಜಿ ಹಾಕಬೇಕು ಎಂದು ಕಿಟಕಿಯಲ್ಲಿ ತಿಳಿಯಿತು. ಆದರೆ ಹೆತ್ತವರಿಲ್ಲದ ಅಭ್ಯರ್ಥಿಯ ಪತ್ರವನ್ನು ಕೇಂದ್ರಾಧ್ಯಕ್ಷರು ಪಡೆಯಬಹುದಾದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಒಡತಿ ಪಡೆದಳು, ಸ್ಟಾಂಪ್ ಒತ್ತಿದಳು, ಹಸ್ತಾಂತರಿಸಿದಳು. ಚುಕ್ಕಿ ರುಜು ಹಾಕಿ ಸ್ವೀಕರಿಸಿ, ಮರುದಿನ ಬೆಳಿಗ್ಗೆ ಎಂಟಕ್ಕೆ ಮೇಸ್ತ್ರಿಯ ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಮೇಸ್ತ್ರಿ ಬಂದದ್ದು ಒಂಬತ್ತಕ್ಕೆ.

ಪುನಃಸ್ಥಾಪನೆಯ ಅರ್ಜಿ ಹಿಡಿದು ಒಡತಿ ಮತ್ತೆ ಮೂರನೇ ಕಿಟಕಿಗೆ ಹೋದಳು. ಗುಮಾಸ್ತರು ಅರ್ಜಿ ನೋಡಿ, ಹಿತೈಷಿಯಂತೆ ದನಿ ತಗ್ಗಿಸಿದರು.

"ಮಗು ಎರಡನೇ ಹಂತದ್ದೂ ಕಟ್ಟುತ್ತೆ ತಾನೇ? ಈಗ ತಾಯಿ ಆದ್ರೆ ಆಗ ಮತ್ತೆ ಅಮಾನತು, ಆಮೇಲೆ ಮತ್ತೆ ಅರ್ಜಿ. ಸುಮ್ನೆ ಯಾಕಮ್ಮ ಓಡಾಟ? ಮೂರೂ ಹಂತ ಮುಗೀಲಿ. ಒಟ್ಟಿಗೇ ತಾಯಿ ಆಗಿ."

ಒಡತಿ ಯೋಚಿಸಿದಳು. ಮಾತು ಸರಿಯಾಗಿಯೇ ಇತ್ತು. ಅಮಾನತು ಮುಂದುವರಿಕೆಯ ನಮೂನೆ ಪಡೆದು, ಅಭ್ಯರ್ಥಿಯೊಂದಿಗೆ ಸಂಬಂಧ ಎಂಬ ಕಾಲಮ್ಮಿನಲ್ಲಿ "ಸದ್ಯಕ್ಕೆ ಇಲ್ಲ" ಎಂದು ದುಂಡಗೆ ಬರೆದಳು. ಅವಳ ಅಕ್ಷರವನ್ನು ಗುಮಾಸ್ತರು ಮೆಚ್ಚಿಕೊಂಡರು.

ಸಂಜೆ ಚುಕ್ಕಿ ಕೈಗೆಲ್ಲ ಎಣ್ಣೆ ಮೆತ್ತಿಕೊಂಡು ಬಂದಳು. ಊಟದ ತಟ್ಟೆಯ ಮುಂದೆ ಕೂತು ಕೇಳಿದಳು: "ಆರ್ಡರ್ ಬಂತಾ ಮೇಡಂ?"

"ಇಲ್ಲ. ಮೂರು ವರ್ಷ ಆಗಬಹುದು."

ಚುಕ್ಕಿ ತನಗೆ ಬೇಕಾದಷ್ಟು ಸಮಯ ತೆಗೆದುಕೊಂಡಳು. ಆಮೇಲೆ ತಟ್ಟೆ ಮುಂದೆ ತಳ್ಳಿ, "ಸರಿ, ಕಾಯ್ತೀನಿ. ಇನ್ನೊಂಚೂರು ಬಡಿಸಿ ಮೇಡಂ" ಎಂದಳು.

ಕೇಂದ್ರಾಧ್ಯಕ್ಷೆ ಬಡಿಸಿದಳು.