ನಾನು ಒತ್ತಿದ ಮಣ್ಣು

ಮಣ್ಣಿನ ಕೆಲಸದವನನ್ನು ಇಂಥ ಪ್ರಸಂಗಗಳು ಹುಡುಕಿಕೊಂಡು ಬರುತ್ತವೆ; ನನ್ನ ಮಟ್ಟದ ಪರಿಣತನಿಗಂತೂ ಬಸ್ಸಿನಲ್ಲಿ ಸೀಟು ಹಿಡಿದೇ ಕಾದಿರುತ್ತವೆ. ಎಪ್ಪತ್ತರ ದಶಕದ ಕೊನೆಗೆ ಮಣಿಪಾಲದ ಒಂದು ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ನಾನು ಸಹಾಯಕ. ಅಂದರೆ, ಪ್ರೊಫೆಸರರು ಲೆಕ್ಕ ಮಾಡುತ್ತಿದ್ದರು, ಉಳಿದ ವಿಜ್ಞಾನವೆಲ್ಲ ನನ್ನದು.

ಹೆಬ್ಬೆರಳು

ಮಣ್ಣು ಎಷ್ಟು ಭಾರ ತಾಳುತ್ತದೆಂದು ಹೇಳಲು ಪ್ರೊಫೆಸರರಿಗೆ ಯಂತ್ರ ಬೇಕು, ಮೂರು ದಿನ ಬೇಕು. ನನಗೆ ಹೆಬ್ಬೆರಳು ಸಾಕು. ಕಾಪುವಿನಲ್ಲಿ ಗಲ್ಫಿನಿಂದ ಬಂದ ಸಾಹೇಬರೊಬ್ಬರು ಮನೆ ಕಟ್ಟಿಸುವ ಜಾಗ ನೋಡಲು ಹೋಗಿದ್ದೆವು. ನಾನು ಬಗ್ಗಿ ನೆಲ ಒತ್ತಿ, "ಇಲ್ಲಿ ಆನೆ ನಿಲ್ಲಿಸಿ ಸಾಹೇಬರೇ" ಎಂದೆ. ಒಂದು ಹೆಜ್ಜೆ ಮುಂದಿಟ್ಟೆ, ಮೊಣಕಾಲಿನವರೆಗೆ ಹೂತುಹೋದೆ. ಸಾಹೇಬರು ಎಳೆಯಲು ಕೈ ಚಾಚಿದರೆ ಪ್ರೊಫೆಸರರು ತಡೆದರು. ಮೊದಲು ಟೇಪು ತಂದು ಆಳ ಅಳೆದು, ನನ್ನ ತೂಕ ಕೇಳಿ ಬರೆದುಕೊಂಡರು.

ಕೈ ತಾಗಬಾರದು

ಪ್ರೊಫೆಸರರ ಡಾಕ್ಟರೇಟು ನಿಂತದ್ದು ಕೆಂಪು ಮುರಕಲ್ಲಿನ ಅಡಿ ಸಿಗುವ ಬಿಳಿ ಶೇಡಿಮಣ್ಣಿನ ಮೇಲೆ. ಒಣಗಿದರೆ ಕಲ್ಲು, ನೆನೆದರೆ ಗಂಜಿ. ಅದು ಹೊರೆಗೆ ಎಷ್ಟು ಕುಗ್ಗುತ್ತದೆ, ಯಾವಾಗ ಒಡೆಯುತ್ತದೆ ಎಂದು ಮೊದಲೇ ಹೇಳುವ ಸೂತ್ರವೊಂದನ್ನು ಕಟ್ಟಿದ್ದರು. ಪರೀಕ್ಷಕರು ಬರುವ ಮುನ್ನಾದಿನ, ಮಣ್ಣಿನ ಮೂರು ಉರುಳೆಗಳನ್ನು ನೆಲದಲ್ಲಿದ್ದ ಹಾಗೆಯೇ, ಒಂದಿಷ್ಟೂ ಅಲುಗದಂತೆ ತರಲು ನನ್ನನ್ನು ಅಜೆಕಾರಿಗೆ ಕಳುಹಿಸಿದರು.

ಮೇಣ ಬಳಿದು, ಒದ್ದೆ ಬಿಳಿಬಟ್ಟೆ ಸುತ್ತಿ, ಎರಡನ್ನು ಪೆಟ್ಟಿಗೆಯಲ್ಲೂ ಒಂದನ್ನು ಮಡಿಲಲ್ಲೂ ಇಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಪಕ್ಕದ ಅಜ್ಜಿ ಅದು ಎಂತ ಎಂದು ಕೇಳಿದರು.

"ಮಣ್ಣು ಅಜ್ಜಿ. ಕೈ ತಾಗಬಾರದು."

ನಮ್ಮ ಕಡೆ ಹಾಗೆ ಒಯ್ಯುವ ಮಣ್ಣು ಒಂದೇ, ನಾಗನ ಹುತ್ತದ ಪ್ರಸಾದ. ಅಜ್ಜಿ ಕೈಮುಗಿದರು. ಕಂಡಕ್ಟರ್ ನನ್ನನ್ನು ಎಬ್ಬಿಸಿ ಮುಂದಿನ ಸೀಟು ಕೊಟ್ಟ. ಆ ಗೌರವದ ಸುಖಕ್ಕೆ ನಿದ್ದೆ ಬಂತು. ಪರ್ಕಳದಲ್ಲಿ ಎಚ್ಚರಾದಾಗ ಮಡಿಲಲ್ಲಿ ಮೇಣ ಒಡೆದ ಅರ್ಧ ಉರುಳೆ, ಬಸ್ಸಿನವರೆಲ್ಲರ ಹಣೆಯಲ್ಲಿ ಬೊಟ್ಟು. ಕಂಡಕ್ಟರನ ಹಣೆಯಲ್ಲಿ ಎರಡು.

ಪರೀಕ್ಷೆ

ಕಡಿಯಾಳಿಯ ಮನೆಗೆ ಹೋದವನೇ ಉಳಿದ ಚೂರಿಗೆ ಬಾವಿಕಟ್ಟೆಯ ಮಣ್ಣು ಸೇರಿಸಿ ನಾದಿದೆ. ಹೆಂಡತಿ ಶಾವಿಗೆ ಒತ್ತುವ ಸೇಮಿಗೆ ಮಣೆಯ ತೂತಿನ ಬಿಲ್ಲೆ ತೆಗೆದು, ಆ ಅಚ್ಚಿನಲ್ಲಿ ಮಣ್ಣು ಒತ್ತಿ, ಮೇಣ ಬಳಿದೆ. ಅಪ್ಪಟ ಉರುಳೆ.

ಮರುದಿನ ಪರೀಕ್ಷಕರ ಎದುರು ಯಂತ್ರ ಶುರುವಾಯಿತು. ಮೊದಲ ಉರುಳೆ ಸೂತ್ರ ಹೇಳಿದ್ದಕ್ಕಿಂತ ಬಹಳ ಬೇಗ ಒಡೆಯಿತು. ಎರಡನೆಯದು ಒಡೆಯಲೇ ಇಲ್ಲ. ಪ್ರೊಫೆಸರರ ಮುಖ ನೆನೆದ ಶೇಡಿಮಣ್ಣಾಯಿತು. ಮೂರನೆಯದು ನನ್ನದು, ಸೂತ್ರದ ಗೆರೆಯ ಮೇಲೆ ಬೆರಳಿಟ್ಟು ನಡೆದ ಹಾಗೆ ಕುಗ್ಗಿ, ಹೇಳಿದ ಜಾಗದಲ್ಲೇ ಒಡೆಯಿತು.

"ಮನುಷ್ಯನ ಕೈ ತಾಗದ ಮಣ್ಣು ಅಂದರೆ ಇದು" ಎಂದರು ಪರೀಕ್ಷಕರು. "ಆ ಎರಡು ಉರುಳೆ ದಾರಿಯಲ್ಲಿ ಕೆಟ್ಟಿವೆ. ನಾಳೆ ಇಂಥದ್ದೇ ಇನ್ನೆರಡು ತೋರಿಸಿ, ಸಹಿ ಹಾಕುತ್ತೇನೆ."

ಅವರು ಕಾಫಿಗೆ ಹೋದ ಮೇಲೆ, ನನಗೂ ಮನಸ್ಸಾಕ್ಷಿ ಉಂಟಲ್ಲ, ಎಲ್ಲವನ್ನೂ ಒಪ್ಪಿಕೊಂಡೆ. ಪ್ರೊಫೆಸರರು ಎದ್ದು, ಹೊರಗೆ ಇಣುಕಿ, ಬಾಗಿಲು ಹಾಕಿ ಬಂದರು.

"ಮಾರಾಯ, ಆ ಸೇಮಿಗೆ ಮಣೆ ಇವತ್ತು ಖಾಲಿ ಉಂಟಾ?"