ಡಾಕ್ಟರ ಕೂದಲು, ಮಾವನವರ ದನಿ

ಹಲ್ಲಿನ ಡಾಕ್ಟರಿಗೆ ಎದುರುತ್ತರ ಕೇಳಿ ಅಭ್ಯಾಸವಿಲ್ಲ. ದಿನವಿಡೀ ಅವರ ಮಾತು ಕೇಳುವವರೆಲ್ಲ ಬಾಯಿ ಅಗಲಿಸಿಕೊಂಡು, ಅವರ ಬೆರಳು ಕಚ್ಚದ ಹಾಗೆ ಎಚ್ಚರದಿಂದ ಮಲಗಿದವರು. ಹಾಗಾಗಿ ಮನೆಯ ಕಂಪ್ಯೂಟರಿಗೆ ಬೀಗ ಹಾಕುವ ಯೋಜನೆಯನ್ನು ಅವರು ಸೋಫಾದಿಂದ ಎದ್ದು ನಿಂತೇ ಘೋಷಿಸಿದರು.

"ಇನ್ಮೇಲೆ ನಮ್ಮ ಮನೆ ಫೈಲನ್ನ ಆ ದೇವರಪ್ಪನೂ ತೆರೆಯಲಾರ."

"ದೇವರಪ್ಪ ನಮ್ಮ ಫೈಲು ನೋಡೋಕೆ ಯಾಕ್ರೀ ಬರ್ತಾನೆ?" ಎಂದರು ಹೆಂಡತಿ.

ಆ ಫೈಲುಗಳಲ್ಲಿ ಹೆಂಡತಿಯ ಪ್ರಾಣವಿತ್ತು. ಜೀವಮಾನವೆಲ್ಲ ರೈಲು ಓಡಿಸಿದ ಅಪ್ಪ, ಕೊನೆಯ ದಿನಗಳಲ್ಲಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಹೇಳಿದ ಕಥೆಗಳನ್ನೆಲ್ಲ ಆಕೆ ರೆಕಾರ್ಡ್ ಮಾಡಿಟ್ಟಿದ್ದರು. ಡಾಕ್ಟರು ಮೊದಲು ಬೀಗದೊಳಗೆ ಸೇರಿಸಿದ್ದೇ ಅವನ್ನು. ಹೊರಗಿದ್ದ ಪ್ರತಿಗಳನ್ನು ಭದ್ರತೆಯ ದೃಷ್ಟಿಯಿಂದ ಬೇರುಸಹಿತ ಕಿತ್ತು ಹಾಕಿದರು. ಬೇರು ಕೀಳುವುದರಲ್ಲಿ ಅವರ ಕೈ ಪಳಗಿದ್ದು.

ಬೀಗಕ್ಕೆ ಪಾಸ್‌ವರ್ಡ್ ಜೊತೆ ಒಂದು ಫೋಟೋವನ್ನೂ ಕೀಲಿಯಾಗಿ ಕೊಡಬಹುದಿತ್ತು. ಎಲ್ಲರೂ ಒಟ್ಟಿಗೆ ನಿಂತಿದ್ದ ಮನೆಮಂದಿಯ ಫೋಟೋ ಕೊಟ್ಟರು.

ಒಂದು ಭಾನುವಾರ ಮಧ್ಯಾಹ್ನ ಡಾಕ್ಟರ ಅತ್ತೆ ಬಂದರು. ಜೊತೆಗೆ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ಡಾಕ್ಟರ ತಂಗಿಯೂ ಬಂದಳು. "ಅವರ ದನಿ ಒಂದ್ಸಲ ಕೇಳಬೇಕು ಅನ್ನಿಸ್ತಿದೆ" ಎಂದರು ಅತ್ತೆ. ಡಾಕ್ಟರು ಠೀವಿಯಿಂದ ಪಾಸ್‌ವರ್ಡ್ ಒತ್ತಿ, ಫೋಟೋ ತೋರಿಸಿದರು.

ಕೀಲಿ ತಪ್ಪು ಎಂದಿತು ಕಂಪ್ಯೂಟರು. ಮತ್ತೆ ಒತ್ತಿದರು. ಮತ್ತೆ ತಪ್ಪು.

ತಂಗಿ ಕುರ್ಚಿ ಎಳೆದುಕೊಂಡಳು. "ಅಣ್ಣ, ಈ ಫೋಟೋಗೆ ಏನಾದ್ರೂ ಮಾಡಿದ್ಯಾ?"

ಡಾಕ್ಟರು ಗಂಟಲು ಸರಿಮಾಡಿಕೊಂಡರು. "ಸ್ವಲ್ಪ... ಕೂದಲು."

"ಯಾವ ಕೂದಲು?"

"ನನ್ನದು. ಕ್ಲಿನಿಕ್ಕಿನ ಗೋಡೆಗೆ ಹಾಕೋಣ ಅಂತ, ತಲೆ ಮೇಲೆ ಒಂದಿಷ್ಟು ಸೇರಿಸಿ ಅದರ ಮೇಲೇ ಸೇವ್ ಮಾಡಿದೆ."

ಹೆಂಡತಿ ಡಾಕ್ಟರ ತಲೆಯನ್ನೇ ದಿಟ್ಟಿಸಿದರು. ಆಕೆ ಮಾತಾಡಿದ್ದರೆ ಚೆನ್ನಾಗಿತ್ತು ಎನ್ನಿಸಿತು ಡಾಕ್ಟರಿಗೆ.

"ಒಂದು ಚುಕ್ಕೆ ಬದಲಾದ್ರೂ ಈ ಬೀಗಕ್ಕೆ ಅದು ಬೇರೆ ಫೋಟೋನೇ" ಎಂದಳು ತಂಗಿ. "ಫೋನಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಂಡಿದ್ದೂ ಆಗಲ್ಲ, ಕಳಿಸುವಾಗ ಅದು ಕುಗ್ಗಿರುತ್ತೆ. ತೆಗೆದ ಹಾಗೇ ಇರೋ ಮೂಲ ಫೋಟೋನೇ ಬೇಕು."

"ಕೀಲಿನ ಊಹಿಸಿ ಊಹಿಸಿ ನೋಡಿದ್ರೆ?" ಎಂದರು ಡಾಕ್ಟರು.

"ಲೋಕದ ಕಂಪ್ಯೂಟರುಗಳನ್ನೆಲ್ಲ ಕೂರಿಸಿದ್ರೂ, ಆಕಾಶದ ನಕ್ಷತ್ರ ಎಲ್ಲ ಆರಿಹೋಗೋ ತನಕ ಊಹಿಸ್ತಾನೇ ಇರ್ತವೆ."

ಡಾಕ್ಟರಿಗೆ ಮೈ ಜುಂ ಎಂದಿತು. ಕಂಪ್ಯೂಟರಿನೊಳಗಿನ ಅಂಗೈಯಗಲದ ಡಬ್ಬಿಯಲ್ಲಿ ಮಾವನವರು ಪೂರ್ತಿ ಇದ್ದಾರೆ, ಕೆಮ್ಮು ಸಹಿತ ಇದ್ದಾರೆ. ಆದರೂ ನಕ್ಷತ್ರಗಳಿಗಿಂತ ದೂರ ಹೋಗಿದ್ದಾರೆ. "ಎಂಥಾ ಬೀಗ" ಎಂದು ಬಾಯಿಂದ ಜಾರಿಯೇಬಿಟ್ಟಿತು.

"ಹೌದು, ಹೊಗಳಿ" ಎಂದರು ಹೆಂಡತಿ. ಕಣ್ಣು ತುಂಬಿತ್ತು. ಡಾಕ್ಟರಿಗೆ ನೆಲ ಬಿರಿದು ನುಂಗಬಾರದೇ ಎನ್ನಿಸಿತು.

ಅತ್ತೆ ತಮ್ಮ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡು, "ಅಳಿಯಂದಿರೇ, ಆ ಫೋಟೋ ತೆಗೆದಿದ್ದು ನಾನಲ್ವಾ?" ಎಂದರು. "ಕ್ಯಾಮೆರಾ ಬ್ಯಾಗಲ್ಲೇ ಇದೆ. ಅಳಿಸೋದು ಹೇಗೆ ಅಂತ ಗೊತ್ತಿಲ್ಲ, ಹಾಗಾಗಿ ಎಲ್ಲಾ ಇದೆ."

ತಂಗಿ ವೈರು ಜೋಡಿಸಿದಳು. ಮಸುಕಾದ ಪಾದಗಳು, ಯಾರದೋ ಮೊಣಕೈ, ಅತ್ತೆಯ ಹೆಬ್ಬೆರಳು ಒಂದಾದ ಮೇಲೊಂದು ದಾಟಿಹೋದವು. ಆಮೇಲೆ ಫೋಟೋ ಬಂತು. ನಡುವೆ ಡಾಕ್ಟರ ತಲೆ ತೊಳೆದಿಟ್ಟ ತಟ್ಟೆಯ ಹಾಗೆ ಮಿರಮಿರ ಮಿಂಚುತ್ತಿತ್ತು. ತಂಗಿ ಅದನ್ನು ಬೀಗಕ್ಕೆ ತೋರಿಸಿದಳು.

ತೆರೆಯಿತು.

ಹೆಂಡತಿ ಕೊನೆಯ ರೆಕಾರ್ಡಿಂಗ್ ಒತ್ತಿದರು. ಮೊದಲು ಕುರ್ಚಿ ಕಿರುಗುಟ್ಟಿತು, ಒಂದು ಕೆಮ್ಮು ಬಂತು. ಆಮೇಲೆ, ಏನೂ ಆಗಿಯೇ ಇಲ್ಲ ಎನ್ನುವಂತೆ, ಆ ದಪ್ಪ ದನಿ ಕೋಣೆಯನ್ನೆಲ್ಲ ತುಂಬಿತು. ಅತ್ತೆ ಕಂಪ್ಯೂಟರಿನ ತೆರೆಯ ಮೇಲೆ ಅಂಗೈ ಇಟ್ಟರು. ಡಾಕ್ಟರು ಕೈ ಮುಗಿದಿದ್ದು ಅವರಿಗೇ ಗೊತ್ತಾಗಲಿಲ್ಲ.

"ಮಗಳೇ, ಇದನ್ನೆಲ್ಲ ಜೋಪಾನ ಮಾಡು" ಎನ್ನುತ್ತಿತ್ತು ದನಿ. "ಅಳಿಯಂದಿರು ಬಂಗಾರದಂಥ ಮನುಷ್ಯ. ಆದ್ರೆ ಈ ಕಂಪ್ಯೂಟರ್ ಮೆಷಿನ್ ಮಾತ್ರ ಅವರ ಕೈಗೆ ಕೊಡಬೇಡ."

ಹೆಂಡತಿ ತಲೆ ತಗ್ಗಿಸಿ, "ಇದನ್ನ ನಿಮಗೆ ಯಾವತ್ತೂ ಕೇಳಿಸಬಾರದು ಅಂತಿದ್ದೆ" ಎಂದರು.

ಡಾಕ್ಟರು ಮೌಸನ್ನು ಮೆಲ್ಲಗೆ ಹೆಂಡತಿಯ ಕಡೆ ಸರಿಸಿದರು.